ಕೊನೆಯ ಗಾಡಿಗೆ ಕಟ್ಟಿದ ನಿಂಬೆಹಣ್ಣು

ಬಚ್ಚಪ್ಪನ ಬಿಳಿ ವ್ಯಾನಿನ ನೆತ್ತಿಯ ಮೇಲೆ ಆಂಟೆನಾ ಎದ್ದು ನಿಂತ ದಿನ, ಮುಳಬಾಗಿಲಿನ ಅವನ ಬೀದಿಯಲ್ಲಿ ಕೆಲಸಕ್ಕೆ ಹೊರಟವರೆಲ್ಲ ಸ್ವಲ್ಪ ತಡವಾಗಿಯೇ ಹೋದರು. ಪೊಲೀಸ್ ಗಾಡಿ ತಗೊಂಡ್ರಾ ಎಂದು ಒಬ್ಬರು ಕೇಳಿದರು. ಎಲೆಕ್ಷನ್ ಏನಾದರೂ ಬಂತಾ ಎಂದು ಇನ್ನೊಬ್ಬರು ಕೇಳಿದರು. ಹಾಲಿನ ಮುನಿಶಾಮಿಯಂತೂ ಕ್ಯಾನನ್ನು ನೆಲಕ್ಕಿಟ್ಟು, ಕತ್ತೆತ್ತಿ ನೋಡಿ, "ಬಚ್ಚಪ್ಪಣ್ಣ, ಇದ್ರಾಗೆ ತೆಲುಗು ಚಾನಲ್ಲೂ ಬರ್ತದಾ?" ಎಂದ.

ಬಚ್ಚಪ್ಪ ಯಾರ ಮೇಲೂ ಬೇಸರ ಮಾಡಿಕೊಳ್ಳಲಿಲ್ಲ. ಬೇಸರ ಮಾಡಿಕೊಳ್ಳುವುದಿರಲಿ, ಯಾರಾದರೂ ಕೇಳಲಿ ಎಂದೇ ಅವನು ಬೆಳಗಿನಿಂದ ಒಂದೇ ಗಾಜನ್ನು ಒರೆಸುತ್ತಾ ನಿಂತಿದ್ದ. "ಇದು ಹ್ಯಾಮ್ ರೇಡಿಯೋ ಕಣಪ್ಪಾ. ಪರೀಕ್ಷೆ ಬರೆದು, ಸರ್ಕಾರದ ಲೈಸೆನ್ಸ್ ತಗೊಂಡು ಇಟ್ಕೊಂಡಿರೋದು. ಮೊಬೈಲು ಬಾಯ್ ಮುಚ್ಕೊಳ್ಳೋ ಕಡೆ ಇದು ಮಾತಾಡ್ತದೆ," ಎಂದು ಎಲ್ಲರಿಗೂ ವಿವರಿಸಿದ. ಆಮೇಲೆ ಯಾರೂ ಕೇಳದ ಒಂದು ಮಾತನ್ನೂ ಸೇರಿಸಿದ. "ಬರೋ ಭಾನುವಾರ ಹೆಂಗಸರ ಸೈಕಲ್ ಸವಾರಿ ಐತಲ್ಲ, ಅದಕ್ಕೆ ಲಾಸ್ಟ್ ಗಾಡಿ ನಮ್ದೇ."

ಲಾಸ್ಟ್ ಗಾಡಿ ಎಂದರೆ ಸವಾರಿಯ ಬಾಲದಲ್ಲಿ ಬರುವ ವಾಹನ. ಬೈರಕೂರಿನಲ್ಲಿ ಹೊರಟು, ಮುಳಬಾಗಿಲು ದಾಟಿ, ಶ್ರೀನಿವಾಸಪುರದವರೆಗೆ ಸೈಕಲ್ ತುಳಿಯುವ ಹೆಂಗಸರಲ್ಲಿ ಎಲ್ಲರಿಗಿಂತ ಹಿಂದೆ ಉಳಿದವಳ ಹಿಂದೆ ಅದು ನಿಧಾನವಾಗಿ ಬರಬೇಕು. ಬಿದ್ದವರನ್ನು ಎಬ್ಬಿಸಬೇಕು, ಸುಸ್ತಾದವರಿಗೆ ನೀರು ಕೊಡಬೇಕು, ದಾರಿಯಲ್ಲಿ ಯಾರೂ ಉಳಿದಿಲ್ಲ ಎಂದು ಕೊನೆಗೆ ಹೇಳಬೇಕು. ಗುಡ್ಡಗಳ ಸಂದಿನಲ್ಲಿ ರಸ್ತೆ ಇಳಿಯುವ ಕಡೆಯೆಲ್ಲ ಫೋನು ಸತ್ತೇ ಹೋಗುವುದರಿಂದ ಆ ಗಾಡಿಯಲ್ಲಿ ರೇಡಿಯೋ ಇರಲೇಬೇಕು. ಇದು ಬೇರೆಯವರ ಕಣ್ಣಿಗೆ ಸಾಧಾರಣ ಕೆಲಸ. ಬಚ್ಚಪ್ಪನಿಗೆ ಹಾಗಲ್ಲ.

ಅವನು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವನು. ಅದರಲ್ಲೂ ಬಹಳ ವರ್ಷ ಕೋಲಾರದಿಂದ ಬೈರಕೂರಿನ ಕಡೆ ಹೋಗುವ ಸಂಜೆಯ ಕೊನೆಯ ಬಸ್ಸು ಅವನದು. ಸಂತೆಗೆ ಹೋದವಳು ಬುಟ್ಟಿ ಹೊತ್ತುಕೊಂಡು ಓಡಿ ಬರುತ್ತಿದ್ದರೆ, ಕಂಡಕ್ಟರು ಎಷ್ಟು ಸೀಟಿ ಊದಿದರೂ ಅವನು ಗೇರು ಹಾಕುತ್ತಿರಲಿಲ್ಲ. ಇದು ಬಿಟ್ಟರೆ ಬೇರೆ ಬಸ್ಸಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಓಡಿ ಬರುವವಳಿಗೂ ಗೊತ್ತಿತ್ತು. ರಿಟೈರಾದ ಮೇಲೆ ಪಿಂಚಣಿ ಬಂತು, ನಿದ್ದೆ ಬಂತು, ಹೊಟ್ಟೆಯೂ ಬಂತು. ಆದರೆ ರಸ್ತೆಯಲ್ಲಿ ನಿಂತು ಬಚ್ಚಪ್ಪ ಬರುತ್ತಾನೆ ಎಂದು ಕಾಯುವವರು ಮಾತ್ರ ಯಾರೂ ಇಲ್ಲವಾದರು. ಇದನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ, ಹೆಂಡತಿಗೂ ಸಹ.

ರೇಡಿಯೋದ ಹುಚ್ಚು ಹಿಡಿದದ್ದು ಟೇಕಲ್‌ನಲ್ಲಿ. ನೆಂಟರ ಮನೆಗೆ ಹೋದವನು, ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಮಹಡಿಯ ಮೇಲೆ ಹೆಂಗಸೊಬ್ಬಳು ಅಂಗೈಯಷ್ಟು ಮೈಕು ಹಿಡಿದು ಯಾವುದೋ ಊರಿನವರ ಜೊತೆ ಮಳೆ ಬೆಳೆ ಮಾತಾಡುತ್ತಿದ್ದುದನ್ನು ಕಂಡ. ಅವಳೇ ತ್ರಿವೇಣಿ. ದಿನಾ ರೈಲಿನಲ್ಲಿ ಮಾಲೂರಿಗೆ ಹೋಗಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು, ಸುತ್ತಮುತ್ತಲಿನ ಹ್ಯಾಮ್‌ಗಳ ಗುಂಪಿಗೆ ಮುಂದಾಳು. ಬಚ್ಚಪ್ಪ ಅವಳಿಂದ ಪುಸ್ತಕ ತಂದ, ಓದಿದ, ಎರಡು ಸಲ ಡುಮ್ಕಿ ಹೊಡೆದ, ಮೂರನೆಯ ಸಲ ಪಾಸಾದ. ಲೈಸೆನ್ಸು ಬಂದ ದಿನ ಬೀದಿಗೆಲ್ಲ ಮೈಸೂರುಪಾಕು ಹಂಚಿದ.

ಗಾಡಿಗೆ ರೇಡಿಯೋ ಆರಿಸುವಾಗಲೂ ತ್ರಿವೇಣಿಯೇ ಜೊತೆಗಿದ್ದಳು. ಬಚ್ಚಪ್ಪನ ಕಣ್ಣು ಬಿದ್ದದ್ದು ಕೈಯಲ್ಲಿ ಹಿಡಿಯುವ ಚಿಕ್ಕ ಸೆಟ್ಟಿನ ಮೇಲೆ. ಜೇಬಿಗೆ ಸಿಕ್ಕಿಸಿಕೊಂಡು ಬೀದಿಯಲ್ಲಿ ಓಡಾಡಬಹುದು ಎಂಬ ಆಸೆ.

"ಅದು ನಡೆದಾಡೋರಿಗೆ ಬಚ್ಚಪ್ಪನೋರೇ. ತಗಡಿನ ಗಾಡಿಯೊಳಗೆ ಕೂತು ಅದ್ರಲ್ಲಿ ಮಾತಾಡಿದ್ರೆ, ಕೊಡದೊಳಗೆ ಬಾಯಿಟ್ಟು ಕೂಗಿದಂಗೆ. ಗಾಡಿಗೆ ಗಾಡಿ ಸೆಟ್ಟೇ ಬೇಕು, ಆಂಟೆನಾ ಹೊರಗಿರ್ಬೇಕು," ಎಂದಳು ತ್ರಿವೇಣಿ.

"ಹಂಗಾದ್ರೆ ಇರೋದ್ರಲ್ಲಿ ಉದ್ದದ ಆಂಟೆನಾ ಕೊಡ್ಸಿ ಮೇಡಂ."

"ಉದ್ದ ಇದ್ರೆ ದೂರ ಹೋಗ್ತದೆ ಅಂತಿಲ್ಲ. ನಾವು ಮಾತಾಡೋ ಅಲೆಗೆ ತಕ್ಕ ಅಳತೆ ಒಂದಿರ್ತದೆ. ಅದಕ್ಕಿಂತ ಉದ್ದ ಮಾಡಿದ್ರೆ ಮರದ ಕೊಂಬೆಗೆ ಸಿಗ್ತದೆ ಅಷ್ಟೆ."

ಆಂಟೆನಾ ಚಾವಣಿಯ ನಟ್ಟನಡುವೆ ನಿಲ್ಲಬೇಕು, ಸುತ್ತ ಇರುವ ಕಬ್ಬಿಣದ ತಗಡೇ ಅದಕ್ಕೆ ನೆಲ ಇದ್ದಂತೆ ಎಂದು ತ್ರಿವೇಣಿ ಹೇಳಿದಳು. ತೂತು ಕೊರೆದು ನಿಲ್ಲಿಸಿದರೆ ಭದ್ರ. ಆದರೆ ತೂತು ಎಂಬ ಮಾತು ಕೇಳಿದ ಕೂಡಲೇ ಬಚ್ಚಪ್ಪನ ಹೆಂಡತಿ ಗಂಗರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು. ವ್ಯಾನು ಕಾಗದಪತ್ರದಲ್ಲಿ ಬಚ್ಚಪ್ಪನದು, ಉಳಿದೆಲ್ಲ ವಿಷಯದಲ್ಲೂ ಗಂಗರತ್ನಮ್ಮನದು. ಅವಳ ತೌರು ಆಂಧ್ರದ ಗಡಿಯಾಚೆ. ಕೋಪ ಬಂದರೆ ಕನ್ನಡ ಹಿಂದಕ್ಕೆ ಸರಿದು ತೆಲುಗು ಮುಂದಕ್ಕೆ ಬರುತ್ತಿತ್ತು.

"ಸರಿಪೋಯಿಂದಿ. ಮಳೆ ಬಂದ್ರೆ ನನ್ ತಲೆ ಮೇಲೆ ಸೋರ್ಲಿ ಅಂತಾನಾ? ನನ್ ಗಾಡಿಗೆ ತೂತು ಹೊಡೆದ್ರೆ ನಿಮ್ ತಲೆಗೂ ಒಂದು ಬೀಳ್ತದೆ," ಎಂದಳು. ಹೀಗಾಗಿ ಅಯಸ್ಕಾಂತದ ತಳ ಇರುವ ಆಂಟೆನಾ ಬಂತು. ತೂತಿಲ್ಲ, ಗಲಾಟೆಯಿಲ್ಲ, ಇಟ್ಟ ಜಾಗದಲ್ಲಿ ಕಚ್ಚಿಕೊಂಡು ಕೂತಿತು.

ಬಚ್ಚಪ್ಪ ಸಿಗರೇಟು ಹಚ್ಚುವ ಸಾಕೆಟ್ಟಿನಿಂದ ಕರೆಂಟು ಎಳೆಯಲು ಹೋದಾಗ ತ್ರಿವೇಣಿ ಕೈ ಹಿಡಿದು ತಡೆದಳು. ಅಷ್ಟು ತೆಳ್ಳಗಿನ ವೈರು ಇಷ್ಟು ದೊಡ್ಡ ಸೆಟ್ಟನ್ನು ತಡೆಯುವುದಿಲ್ಲ, ಕಾದು ಕರಗಿ ಬೆಂಕಿ ಹತ್ತಿಕೊಳ್ಳುತ್ತದೆ ಎಂದಳು. ಕೋಲಾರದ ಒಂದು ವರ್ಕ್‌ಶಾಪಿನಲ್ಲಿ ನಿಂತು, ಬ್ಯಾಟರಿಯಿಂದಲೇ ದಪ್ಪ ವೈರು ಎಳೆಸಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಹಾಕಿಸಿದಳು. ಬ್ರೇಕು ಹಾಕಿದಾಗ ಹಾರಿ ಬಂದು ಮೊಣಕಾಲು ಮುರಿಯದಂತೆ ಸೆಟ್ಟನ್ನು ಡ್ಯಾಶ್‌ಬೋರ್ಡಿನ ಕೆಳಗೆ ಬೋಲ್ಟು ಹಾಕಿ ಬಿಗಿಸಿದಳು. ಬಾಗಿಲ ರಬ್ಬರಿನ ಸಂದಿನಲ್ಲಿ ಕೇಬಲ್ಲು ನಜ್ಜುಗುಜ್ಜಾಗದಂತೆ ಹಾಯಿಸಿದಳು. ಆಮೇಲೆ ಒಂದು ಚಿಕ್ಕ ಮೀಟರನ್ನು ನಡುವೆ ಸೇರಿಸಿ ತೋರಿಸಿದಳು. ಮೀಟರಿನ ಮುಳ್ಳು ಮಲಗಿದ್ದರೆ ಶಕ್ತಿಯೆಲ್ಲ ಆಂಟೆನಾದಿಂದ ಹೊರಗೆ ಹೋಗುತ್ತಿದೆ ಎಂದು ಅರ್ಥ. ಮುಳ್ಳು ಎದ್ದು ಕೆಂಪು ಗೆರೆಗೆ ಹೋದರೆ, ಹೋಗಬೇಕಾದದ್ದು ಹೋಗದೆ ಸೆಟ್ಟಿಗೇ ವಾಪಸ್ಸು ಬರುತ್ತಿದೆ ಎಂದು ಅರ್ಥ. ಆಗ ದನಿಯೂ ಸಾಗದು, ಸೆಟ್ಟೂ ಬಿಸಿಯಾಗಿ ಕೆಡುತ್ತದೆ. ಅವತ್ತು ಮುಳ್ಳು ಉಂಡ ಕೂಸಿನಂತೆ ಮಲಗಿತ್ತು.

"ಎರಡೇ ಮಾತು ನೆನಪಿಡಿ. ಮಾತಾಡ್ಬೇಕಾದ್ರೆ ಗಾಡಿ ಪಕ್ಕಕ್ಕೆ ಹಾಕಿ ಮಾತಾಡಿ. ನೀವು ಬಟನ್ ಒತ್ತಿರೋವಾಗ ಯಾರೂ ಆಂಟೆನಾ ಮುಟ್ಬಾರ್ದು, ಕೈ ಸುಡ್ತದೆ," ಎಂದಳು ತ್ರಿವೇಣಿ. ಬಚ್ಚಪ್ಪ ಈ ಮಾತನ್ನು ಮನೆಗೆ ಬಂದು ಹೆಂಡತಿಗೆ ಎಷ್ಟು ಸಲ ಹೇಳಿದನೆಂದರೆ, ಗಂಗರತ್ನಮ್ಮ ಒಗೆದ ಬಟ್ಟೆ ಹರವುವಾಗಲೂ ವ್ಯಾನಿನ ಕಡೆ ಒಮ್ಮೆ ನೋಡಿಕೊಳ್ಳುವಂತಾಯಿತು.

ಇಷ್ಟೆಲ್ಲ ಸರಿಯಾಗಿತ್ತು. ಆದರೆ ಬೀದಿಯವರು ದಿನಾ ಬಂದು ಆಂಟೆನಾ ನೋಡುವುದು ಗಂಗರತ್ನಮ್ಮನಿಗೆ ಸರಿ ಕಾಣಲಿಲ್ಲ. ಅವಳು ಪ್ರತಿ ಶನಿವಾರ ಗಾಡಿಯ ಮುಂದೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟುತ್ತಿದ್ದಳು. ಈಗ ಕಣ್ಣು ಬೀಳುತ್ತಿರುವುದು ಮುಂದಿನ ಬಂಪರಿನ ಮೇಲಲ್ಲ, ನೆತ್ತಿಯ ಮೇಲೆ. ದೃಷ್ಟಿ ಎಲ್ಲಿ ಬೀಳುತ್ತದೋ ಅಲ್ಲಿ ತಾನೇ ತಡೆ ಇರಬೇಕು? ಅವಳು ಬಹಳ ಯೋಚನೆ ಮಾಡಿ ನಿಂಬೆಹಣ್ಣನ್ನು ಕಪ್ಪು ದಾರದಲ್ಲಿ ಆಂಟೆನಾಕ್ಕೇ ಕಟ್ಟಿದಳು. ಆ ವಾರ ಹೈವೇಯ ಗಾಳಿಗೆ ದಾರ ಕಿತ್ತು, ನಿಂಬೆಹಣ್ಣು ಹಿಂದೆ ಬರುತ್ತಿದ್ದ ಲಾರಿಯ ಕೆಳಗೆ ಉರುಳಿತು. ಸವಾರಿಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಅವಳು ಹೊಸ ನಿಂಬೆಹಣ್ಣು ತಂದಳು. ಈ ಸಲ ದಾರವನ್ನು ನಂಬಲಿಲ್ಲ. ಚಪ್ಪರ ಕಟ್ಟಿ ಉಳಿದಿದ್ದ ಕಬ್ಬಿಣದ ತಂತಿ ತೆಗೆದು, ಹಣ್ಣು ಕಾಯಿ ಪೋಣಿಸಿ, ಆಂಟೆನಾದ ಬುಡದಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ತುದಿಯನ್ನು ಚಾವಣಿಯ ಅಂಚಿನ ಕಂಬಿಗೆ ಎಳೆದು ಗಂಟು ಹಾಕಿದಳು. ಬಿರುಗಾಳಿ ಬಂದರೂ ಅಲ್ಲಾಡುವಂತಿರಲಿಲ್ಲ.

ಅದೇ ಶನಿವಾರ ಎಲ್ಲ ಗಾಡಿಗಳ ರೇಡಿಯೋ ಪರೀಕ್ಷೆ. ತ್ರಿವೇಣಿ ಮುಳಬಾಗಿಲಿನ ಬೆಟ್ಟದ ಮೇಲೆ ಸೆಟ್ಟು ಇಟ್ಟುಕೊಂಡು ಕೂತಿದ್ದಳು. ಬಚ್ಚಪ್ಪ ಬೈರಕೂರಿಗೆ ಹೋಗಿ, ಗಾಡಿ ಪಕ್ಕಕ್ಕೆ ಹಾಕಿ, ಕೆಮ್ಮಿ ಗಂಟಲು ಸರಿ ಮಾಡಿಕೊಂಡು ಬಟನ್ ಒತ್ತಿದ. ಬೆಟ್ಟದಿಂದ ತ್ರಿವೇಣಿಯ ದನಿ ಗಂಟೆ ಹೊಡೆದಂತೆ ಕೇಳಿಬಂತು.

"ಬಚ್ಚಪ್ಪನೋರೇ, ತುಂಡು ತುಂಡಾಗಿ ಕೇಳ್ತಿದೆ. ಒಂದಕ್ಷರಾನೂ ಹಿಡಿಯೋಕಾಗ್ತಿಲ್ಲ. ಇನ್ನೊಂದ್ ಸಲ ಹೇಳಿ."

ಅವನು ಇನ್ನೊಂದು ಸಲ ಹೇಳಿದ, ಮತ್ತೊಂದು ಸಲ ಹೇಳಿದ. ಮೀಟರಿನ ಮುಳ್ಳು ಎದ್ದು ಕೆಂಪು ಗೆರೆಯ ಆಚೆ ನಿಂತಿತ್ತು. ಅವಳು ಹೇಳಿದ್ದೆಲ್ಲ ಇವನಿಗೆ ಕೇಳುತ್ತದೆ, ಇವನು ಹೇಳಿದ್ದು ಅವಳಿಗೆ ಕೇಳುವುದಿಲ್ಲ.

ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಿದ್ದ ಗಂಗರತ್ನಮ್ಮ, "ಮದುವೆ ಆದಾಗಿಂದ ನಮ್ಮನೇಲೂ ಇದೇ ಕತೆ. ಅಲ್ಲಿ ಹೇಳೋಳು ನಾನು, ಕೇಳಿಸ್ದೇ ಇರೋರು ನೀವು," ಎಂದಳು. ಬಚ್ಚಪ್ಪನಿಗೆ ನಗು ಬರಲಿಲ್ಲ.

ಫೋನಿಗೆ ಸಿಗ್ನಲ್ ಸಿಗುವ ಜಾಗಕ್ಕೆ ಬಂದು ಅವನು ತ್ರಿವೇಣಿಗೆ ಫೋನು ಮಾಡಿದ. ಅವಳು ಒಂದೊಂದಾಗಿ ಕೇಳಿದಳು. ಫ್ಯೂಸು ಸರಿಯಿದೆಯಾ? ಸರಿಯಿದೆ. ಕೇಬಲ್ಲು ಬಾಗಿಲಿಗೆ ಸಿಕ್ಕಿದೆಯಾ? ಇಲ್ಲ. ತಿರುಪು ಸಡಿಲ ಆಗಿದೆಯಾ? ಇಲ್ಲ.

"ಮೇಲೆ ಆಂಟೆನಾಗೆ ಏನಾದ್ರೂ ತಾಕ್ತಿದೆಯಾ ನೋಡಿ. ಕೊಂಬೆ, ತಂತಿ, ಏನಾದ್ರೂ ಇದೆಯಾ?"

ಬಚ್ಚಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದು, ಬಿಸಿಲಿಗೆ ಕೈ ಅಡ್ಡ ಹಿಡಿದು, ಗಮನವಿಟ್ಟು ನೋಡಿದ. ಆಂಟೆನಾ ಇತ್ತು, ನಿಂಬೆಹಣ್ಣಿತ್ತು, ಮೆಣಸಿನಕಾಯಿ ಇತ್ತು, ಅದರ ಮೇಲೆ ನೀಲಿ ಆಕಾಶ ಇತ್ತು.

"ಏನೂ ಇಲ್ಲ ಮೇಡಂ," ಎಂದ.

ಅವನು ಸುಳ್ಳು ಹೇಳಲಿಲ್ಲ. ಬಸ್ಸು ಓಡಿಸಿದಷ್ಟು ಕಾಲವೂ ಅವನ ಕಣ್ಣ ಮುಂದೆ ನಿಂಬೆಹಣ್ಣು ತೂಗಾಡುತ್ತಲೇ ಇತ್ತು. ನಮ್ಮ ಮೂಗು ನಮಗೆ ಕಾಣಿಸುತ್ತದೆಯೇ? ಗಾಡಿ ಎಂದ ಮೇಲೆ ನಿಂಬೆಹಣ್ಣು ಇರುತ್ತದೆ. ಇರುವುದನ್ನು ಏನೆಂದು ಹೇಳುವುದು? ಮೊನ್ನೆ ಆಂಟೆನಾದ ತುದಿಯಲ್ಲಿ ಕೂತ ಕಾಗೆಯನ್ನು ಅಷ್ಟು ದೂರ ಅಟ್ಟಿಸಿಕೊಂಡು ಹೋದವನು, ಇಷ್ಟು ದಪ್ಪ ತಂತಿಯನ್ನು ಕಣ್ಣಾರೆ ಕಂಡೂ ಕಾಣಲಿಲ್ಲ.

ತ್ರಿವೇಣಿ ಹೇಳಿದಳು. "ಬಚ್ಚಪ್ಪನೋರೇ, ಬೇಜಾರು ಮಾಡ್ಕೋಬೇಡಿ. ಲಾಸ್ಟ್ ಗಾಡಿ ಮಾತು ಕೇಳಿಸ್ಲಿಲ್ಲ ಅಂದ್ರೆ ಹೆಣ್ಮಕ್ಕಳಿಗೆ ಕಷ್ಟ. ನಾಳೆ ಹೊರಡೋ ಮುಂಚೆ ಬೈರಕೂರಿಂದ ಇನ್ನೊಂದ್ ಸಲ ಕರೀರಿ. ಕೇಳಿಸಿದ್ರೆ ಸರಿ. ಇಲ್ಲಾಂದ್ರೆ ನಮ್ಮ ಗುಂಪಿನ ಅರುಣ್‌ಕುಮಾರ್ ಗಾಡಿ ಹಿಂದೆ ಬರ್ಲಿ, ನೀವು ಮುಂದೆ ಹೋಗಿ ಮಜ್ಜಿಗೆ ಹಂಚಿ."

ಮಜ್ಜಿಗೆ ಹಂಚುವುದು ಕೆಟ್ಟ ಕೆಲಸವಲ್ಲ. ಆದರೆ ಬೀದಿಗೆಲ್ಲ ಡಂಗುರ ಸಾರಿದವನಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅವನು ಅಲ್ಲಿಂದಲೇ ಕೋಲಾರಕ್ಕೆ ಓಡಿದ. ಕೇಬಲ್ಲು ಬದಲಾಯಿಸಿದ, ತಿರುಪು ಬದಲಾಯಿಸಿದ, ಫ್ಯೂಸನ್ನು ಸುಮ್ಮನೆ ಬದಲಾಯಿಸಿದ. ಕೆಲಸ ಮಾಡಿಕೊಟ್ಟ ಮೆಕ್ಯಾನಿಕ್ಕು ವ್ಯಾನಿನ ಸುತ್ತ ಎರಡು ಸಲ ಸುತ್ತಿ ಬಂದ. ಅವನ ಸ್ವಂತ ಬೈಕಿಗೂ ಒಂದು ನಿಂಬೆಹಣ್ಣು ಕಟ್ಟಿತ್ತು, ಪಾಪ, ಅವನಿಗೆ ಮಾತ್ರ ಹೇಗೆ ಕಾಣಬೇಕು? ಮುಳ್ಳು ಕೆಂಪು ಬಿಟ್ಟು ಕೆಳಗಿಳಿಯಲಿಲ್ಲ.

ಮನೆಗೆ ಬಂದಾಗ ಬಚ್ಚಪ್ಪನ ಮುಖ ಹರಳೆಣ್ಣೆ ಕುಡಿದಂತಿತ್ತು. ಗಂಗರತ್ನಮ್ಮ ಮುದ್ದೆ ಇಟ್ಟಳು, ಅವರೆಕಾಳಿನ ಸಾರು ಬಡಿಸಿದಳು. ಅವನು ಮುದ್ದೆ ಮುರಿದವನು ಹಾಗೇ ಕೈ ನಿಲ್ಲಿಸಿದ.

"ಊಟ ಮಾಡಿ ಅಂದ್ರೆ."

"ರತ್ನಾ, ಲಾಸ್ಟ್ ಬಸ್ಸು ಬಿಟ್ಟ ಮೇಲೆ ನನ್ನ ಯಾರೂ ಯಾತಕ್ಕೂ ಕರೀಲಿಲ್ಲ ಕಣೇ. ಇವ್ರು ಕರೆದಿದ್ರು," ಎಂದ ಬಚ್ಚಪ್ಪ, ತಟ್ಟೆ ನೋಡುತ್ತಾ.

ಇಷ್ಟು ವರ್ಷಕ್ಕೆ ಗಂಡ ತನ್ನ ಎದೆಯೊಳಗಿನ ಒಂದು ಮಾತು ಆಡಿದ್ದ. ರೇಡಿಯೋ ಬಂದಾಗಿನಿಂದ ಅದರ ಮುಂದೆ ಕೂತು ಯಾರ್ಯಾರ ಜೊತೆಗೋ ಹರಟುತ್ತಾನೆ, ನನ್ನ ಜೊತೆ ನಾಲ್ಕು ಮಾತಿಲ್ಲ ಎಂದು ಮೂಗು ಮುರಿಯುತ್ತಿದ್ದ ಗಂಗರತ್ನಮ್ಮನಿಗೆ ಈಗ ಆ ರೇಡಿಯೋ ಹೇಗಾದರೂ ಮಾತಾಡಲಿ ಎನ್ನಿಸಿತು. ಅವಳು ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಭಾನುವಾರ ಬೈರಕೂರಿನ ಶಾಲೆಯ ಮುಂದೆ ಹಬ್ಬದ ಕಳೆ ಇತ್ತು. ಮಾವು ಹೂ ಬಿಟ್ಟ ಕಾಲ, ಊರಿನ ಸುತ್ತ ತೋಪುಗಳಿಂದ ಆ ಒಗರು ಸಿಹಿ ವಾಸನೆ ಬರುತ್ತಿತ್ತು. ಕಾಲೇಜಿನ ಹುಡುಗಿಯರು, ಟೀಚರುಗಳು, ಫ್ಯಾಕ್ಟರಿಗೆ ಹೋಗುವವರು, ಎಲ್ಲರೂ ಸೈಕಲ್ಲಿಗೆ ಬಣ್ಣದ ಕಾಗದ ಕಟ್ಟಿಕೊಂಡು ನಿಂತಿದ್ದರು. ಎಲ್ಲರಿಗಿಂತ ಹಿಂದೆ, ಎರಡು ಕಾಲನ್ನೂ ನೆಲಕ್ಕೆ ಭದ್ರವಾಗಿ ಊರಿ, ಅಂಗನವಾಡಿಯ ಮುತ್ಯಾಲಮ್ಮ ನಿಂತಿದ್ದಳು. ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ ಈ ವರ್ಷವಷ್ಟೇ ಸೈಕಲ್ ಕಲಿತವಳು. "ಬಚ್ಚಪ್ಪಣ್ಣ, ನೀನೇ ಹಿಂದೆ ಬರ್ತೀಯ ಅಂತ ಧೈರ್ಯ ಮಾಡಿದೀನಿ. ಸಂತೆ ದಿನ ನಂಗೋಸ್ಕರ ಎಷ್ಟು ಸಲ ಬಸ್ ನಿಲ್ಸಿದ್ದೆ," ಎಂದಳು. ಬಚ್ಚಪ್ಪ ಅವಳ ಸೈಕಲ್ಲಿನ ಬ್ರೇಕು ಒಮ್ಮೆ ಒತ್ತಿ ನೋಡಿದ. ತಲೆಯಾಡಿಸಿ ವ್ಯಾನು ಹತ್ತಿದ.

ಬಟನ್ ಒತ್ತಿ ಕರೆದ. ಮುಳ್ಳು ಎದ್ದು ಕೆಂಪಿಗೆ ಹೋಯಿತು. ಬೆಟ್ಟದಿಂದ ತ್ರಿವೇಣಿಯ ದನಿ ಮೆತ್ತಗೆ ಬಂತು. "ಆಗ್ತಿಲ್ಲ ಬಚ್ಚಪ್ಪನೋರೇ, ಇನ್ನೂ ಹಂಗೇ ಇದೆ. ಅರುಣ್‌ಕುಮಾರ್‌ಗೆ ಹಿಂದೆ ಬರೋಕೆ ಹೇಳ್ತೀನಿ. ನೀವು ಮಜ್ಜಿಗೆ ತಗೊಂಡು ಮುಂದೆ ಹೋಗಿ."

ಬಚ್ಚಪ್ಪ ಮೈಕನ್ನು ಕೊಕ್ಕೆಗೆ ಸಿಕ್ಕಿಸಿ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತ.

ಹಿಂದಿನ ಬಾಗಿಲು ಸರಿದ ಸದ್ದಾಯಿತು. ಗಂಗರತ್ನಮ್ಮ ಕೆಳಗಿಳಿದು ಬಂದು ಕಿಟಕಿಯ ಹತ್ತಿರ ನಿಂತಳು. "ಇಳೀರಿ ಕೆಳಗೆ. ಕೀ ನನ್ ಕೈಗೆ ಕೊಡಿ. ಆ ಮೈಕ್ ಮುಟ್ಬೇಡಿ," ಎಂದಳು.

"ಯಾತಕ್ಕೆ?"

"ಊರವ್ರ ಕಣ್ಣೆಲ್ಲಾ ಬಿದ್ದು ಬಿದ್ದು ಆ ನಿಂಬೆಹಣ್ಣು ತುಂಬ್ಕೊಂಡುಬಿಟ್ಟಿದೆ. ಇನ್ನು ಅದು ದೃಷ್ಟಿ ತಡೆಯಲ್ಲ, ಅದೇ ದೃಷ್ಟಿ ಆಗೋಗಿದೆ. ತೆಗೆದು ಹೊಸ್ದು ಕಟ್ತೀನಿ. ನಾನು ಮುಟ್ಟಿರೋವಾಗ ನೀವು ಒತ್ತಿದ್ರೆ ಕೈ ಸುಡ್ತದೆ ಅಂತ ನೀವೇ ಅಲ್ವಾ ಹೇಳಿದ್ದು?"

ಬಚ್ಚಪ್ಪ ಸೆಟ್ಟು ಆರಿಸಿ, ಕೀ ತೆಗೆದು ಅವಳ ಕೈಗಿಟ್ಟ. ವಾದ ಮಾಡುವ ಚೈತನ್ಯ ಅವನಲ್ಲಿ ಉಳಿದಿರಲಿಲ್ಲ. ಅವಳು ವ್ಯಾನಿನ ಮೆಟ್ಟಿಲ ಮೇಲೆ ನಿಂತು, ತಾನೇ ಬಿಗಿದಿದ್ದ ತಂತಿಯನ್ನು ಬೈದುಕೊಂಡು ಬಿಚ್ಚಿದಳು. ಬಾಡಿದ ನಿಂಬೆಹಣ್ಣು, ಮೆಣಸಿನಕಾಯಿ, ತಂತಿ ಎಲ್ಲವನ್ನೂ ಒಂದು ಕಾಗದದಲ್ಲಿ ಸುತ್ತಿ, ಕೀಯನ್ನು ಗಂಡನ ಕೈಗೆ ವಾಪಸ್ಸು ಕೊಟ್ಟು, ಯಾರೂ ತುಳಿಯದಂತೆ ಮೂರು ದಾರಿ ಸೇರುವ ಕಡೆಯ ಬೇಲಿಯೊಳಗೆ ಹಾಕಲು ನಡೆದು ಹೋದಳು.

ಮಜ್ಜಿಗೆ ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ಕೇಳಬೇಕಿತ್ತು. ಬಚ್ಚಪ್ಪ ಅಭ್ಯಾಸದಂತೆ ಸುತ್ತ ನೋಡಿ, ಯಾರೂ ಹತ್ತಿರ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೆಟ್ಟು ಹಾಕಿ ಬಟನ್ ಒತ್ತಿದ. "ಮೇಡಂ, ಮಜ್ಜಿಗೆ ಎಲ್ಲಿ ಇಳಿಸ್ಲಿ?"

ಮುಳ್ಳು ಮಲಗಿತ್ತು.

"ಬಚ್ಚಪ್ಪನೋರೇ," ಎಂದಿತು ಬೆಟ್ಟದ ದನಿ. "ಈಗೇನು ಮಾಡಿದ್ರಿ? ಪಕ್ಕದಲ್ಲೇ ಕೂತು ಮಾತಾಡಿದಂಗೆ ಕೇಳ್ತಿದೆ. ಮಜ್ಜಿಗೆ ಬಿಡಿ. ಅರುಣ್‌ಕುಮಾರ್, ನೀವು ಮುಂದೆ ಹೋಗಿ. ಲಾಸ್ಟ್ ಗಾಡಿ ಬಚ್ಚಪ್ಪನೋರ್ದೇ."

ಅವನು ಕೆಳಗಿಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಬಿಸಿಲಿಗೆ ಕೈ ಅಡ್ಡ ಹಿಡಿದು ಮತ್ತೆ ನೋಡಿದ. ಆಂಟೆನಾ ಒಂದೇ ಬರಿಮೈಯಲ್ಲಿ ನಿಂತಿತ್ತು. ಆಗ ಅವನಿಗೆ ಹೊಳೆಯಿತು. ಕಬ್ಬಿಣದ ತಂತಿ, ಆಂಟೆನಾಕ್ಕೂ ಚಾವಣಿಗೂ ಸೇರಿಸಿ ಬಿಗಿದ ತಂತಿ. ಹೊರಗೆ ಹೋಗಬೇಕಾದದ್ದನ್ನು ಅದೇ ತಡೆದು ಸೆಟ್ಟಿಗೆ ವಾಪಸ್ಸು ಕಳಿಸುತ್ತಿತ್ತು. ಪುಸ್ತಕದಲ್ಲಿ ಓದಿದ್ದ, ಪರೀಕ್ಷೆಯಲ್ಲಿ ಬರೆದಿದ್ದ, ನಿನ್ನೆ ತ್ರಿವೇಣಿ ಬಾಯಿಬಿಟ್ಟು ಕೇಳಿಯೂ ಇದ್ದಳು. ಅವನಿಗೆ ನಗು ಬಂತು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ ಕುಲುಕಿತು. ವ್ಯಾನಿಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

ವಾಪಸ್ಸು ಬಂದ ಗಂಗರತ್ನಮ್ಮ ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟಳು. "ನೋಡಿದ್ರಾ? ತೊಂದ್ರೆ ಎಲ್ಲಾ ಆ ನಿಂಬೆಹಣ್ಣಲ್ಲೇ ಇತ್ತು."

"ಹೌದು ಕಣೇ, ಅದ್ರಲ್ಲೇ ಇತ್ತು," ಎಂದ ಬಚ್ಚಪ್ಪ. ಹೆಂಡತಿಯ ಮಾತನ್ನು ಅವನು ಇಷ್ಟು ಬೇಗ, ಇಷ್ಟು ಮನಸಾರೆ ಒಪ್ಪಿದ್ದು ಅದೇ ಮೊದಲು. ಆದರೆ ಅವಳು ಚೀಲದಿಂದ ಹೊಸ ನಿಂಬೆಹಣ್ಣು ತೆಗೆದಾಗ ಅವನು ಓಡಿ ಹೋಗಿ ಎರಡು ಕೈಯನ್ನೂ ಅಡ್ಡ ಹಿಡಿದ. "ಕಟ್ಟು, ಬೇಡ ಅನ್ನಲ್ಲ. ಮುಂದೆ ಬಂಪರಿಗೆ ಕಟ್ಟು. ದಾರದಲ್ಲಿ ಕಟ್ಟು. ನೆತ್ತಿ ಮೇಲೆ ಕೈ ಇಡ್ಬೇಡ ನನ್ನಮ್ಮಾ."

"ನೆತ್ತಿಗೆ ಬೀಳೋ ಕಣ್ಣಿಗೆ ಏನ್ಮಾಡ್ತೀರಿ?"

"ಇವತ್ತೆಲ್ಲಾ ನಾವು ಹಿಂದೆ ಇರ್ತೀವಿ. ಲಾಸ್ಟ್ ಗಾಡಿನ ಯಾರು ತಿರುಗಿ ನೋಡ್ತಾರೆ?"

ಗಂಗರತ್ನಮ್ಮ ಯೋಚನೆ ಮಾಡಿದಳು. ಮಾತು ಸರಿಯಾಗಿಯೇ ಇತ್ತು. ನಿಂಬೆಹಣ್ಣು ಬಂಪರಿಗೆ ಹೋಯಿತು.

ಸವಾರಿ ಹೊರಟಿತು. ಬೈರಕೂರಿನಿಂದ ಮುಳಬಾಗಿಲಿನವರೆಗೆ ಮುತ್ಯಾಲಮ್ಮ ಕೊನೆಯವಳು, ಅವಳ ಹಿಂದೆ ವ್ಯಾನು. ಏರು ಬಂದಾಗ ಅವಳು ಇಳಿದು ತಳ್ಳುವಳು, ಇಳಿಜಾರು ಬಂದಾಗ ದೇವರ ಹೆಸರು ಹೇಳುತ್ತಾ ಬ್ರೇಕು ಹಿಡಿಯುವಳು. ಮುಳಬಾಗಿಲಿನ ಅವನ ಬೀದಿಯ ತುದಿಯಲ್ಲಿ ಮುನಿಶಾಮಿ ಕೈ ಬೀಸಿದ. ಬಚ್ಚಪ್ಪ ನೆಟ್ಟಗೆ ಕೂತು, ಬಸ್ಸಿನವರ ಹಾಗೆ ಒಂದೇ ಒಂದು ಸಲ ಹಾರನ್ ಹೊಡೆದ.

ಶ್ರೀನಿವಾಸಪುರದ ದಾರಿಯಲ್ಲಿ, ಎರಡು ಗುಡ್ಡಗಳ ನಡುವೆ ರಸ್ತೆ ತಗ್ಗಿಗೆ ಇಳಿಯುವ ಕಡೆ, ಮುತ್ಯಾಲಮ್ಮನ ಹಿಂದಿನ ಚಕ್ರ ಉಸ್ಸೆಂದಿತು. ಟ್ಯೂಬು ಹಿಡಿಯಷ್ಟು ಉದ್ದ ಸೀಳಿತ್ತು, ಪ್ಯಾಚು ನಿಲ್ಲುವಂತಿರಲಿಲ್ಲ. ಫೋನು ತೆಗೆದು ನೋಡಿದರೆ ಒಂದು ಗೆರೆಯೂ ಇಲ್ಲ. ಮುಂದಿನವರೆಲ್ಲ ಗುಡ್ಡದಾಚೆ ಹೋಗಿಯಾಗಿತ್ತು.

ಮುತ್ಯಾಲಮ್ಮ ಸೈಕಲ್ಲನ್ನು ಹುಣಸೆಮರಕ್ಕೆ ಒರಗಿಸಿದಳು. "ಸಾಕು ಬಚ್ಚಪ್ಪಣ್ಣ. ಇಲ್ಲೀವರೆಗೂ ಬಂದೆನಲ್ಲ. ವ್ಯಾನಿಗೆ ಹತ್ಕೊಂಡುಬಿಡ್ತೀನಿ," ಎಂದಳು. ಅವಳ ದನಿಯಲ್ಲಿ ಅಳು ಇತ್ತು.

"ಹತ್ತೋದು ಇದ್ದೇ ಇದೆ. ಮೊದ್ಲು ರತ್ನ ತಂದಿರೋ ಮಜ್ಜಿಗೆ ಕುಡಿ," ಎಂದ ಬಚ್ಚಪ್ಪ. ಗಾಡಿಯನ್ನು ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ತೆಗೆದು, ಹೆಂಡತಿಯೂ ಮುತ್ಯಾಲಮ್ಮನೂ ಮರದ ನೆರಳಿನಲ್ಲಿ ಕೂತದ್ದನ್ನು ನೋಡಿಕೊಂಡು, ಬಟನ್ ಒತ್ತಿದ. ತಗ್ಗಿನಿಂದ ಹೊರಟ ಅವನ ದನಿ ಬೆಟ್ಟಕ್ಕೆ ಮುಟ್ಟಿತು. ಬೆಟ್ಟದಿಂದ ಮುಂದಿನ ಗಾಡಿಗೆ ಹೋಯಿತು. ಗಂಗರತ್ನಮ್ಮ ಎರಡನೆಯ ಲೋಟ ಮಜ್ಜಿಗೆ ಬಗ್ಗಿಸುವ ಹೊತ್ತಿಗೆ ಏರಿನ ಮೇಲೆ ಅರುಣ್‌ಕುಮಾರನ ಕಾರು ಕಾಣಿಸಿಕೊಂಡಿತು. ಹೊಸ ಟ್ಯೂಬು, ಪಂಪು, ಸ್ಪ್ಯಾನರು ಎಲ್ಲ ಬಂದವು. ಚಕ್ರ ಹಾಕುತ್ತಿರುವಾಗ ರೇಡಿಯೋ ಮಾತಾಡಿತು.

"ಮುತ್ಯಾಲಮ್ಮನೋರಿಗೆ ಹೇಳಿ ಬಚ್ಚಪ್ಪನೋರೇ. ಶ್ರೀನಿವಾಸಪುರದಲ್ಲಿ ಎಲ್ರೂ ಬಂದು ಸೇರಿದಾರೆ. ಆದ್ರೆ ಯಾರೂ ಊಟಕ್ಕೆ ಕೂತಿಲ್ಲ. ಕೊನೆಯವ್ರು ಬರ್ಲಿ, ಲಾಸ್ಟ್ ಗಾಡಿ ಬರ್ಲಿ ಅಂತ ರೋಡಿಗೇ ಬಂದು ನಿಂತಿದಾರೆ. ನಿಮಗೇ ಕಾಯ್ತಿದಾರೆ."

ಮುತ್ಯಾಲಮ್ಮ ಲೋಟ ಕೆಳಗಿಟ್ಟು ಎದ್ದು ಸೆರಗು ಬಿಗಿದಳು. ಬಚ್ಚಪ್ಪ ಸ್ಟೇರಿಂಗ್ ಹಿಡಿದುಕೊಂಡು ಕೂತ. ಕಾಯ್ತಿದಾರೆ ಎಂಬ ಒಂದು ಮಾತು ಅವನ ಎದೆಯಲ್ಲಿ ಬೆಚ್ಚಗೆ ಕೂತಿತ್ತು.

ಶ್ರೀನಿವಾಸಪುರದ ಹೊರಗೆ, ಮಾವಿನ ಮಂಡಿಗಳ ಸಾಲು ಶುರುವಾಗುವ ಕಡೆ, ನಿಜಕ್ಕೂ ಎಲ್ಲರೂ ರಸ್ತೆಯ ಎರಡು ಬದಿಗೂ ನಿಂತಿದ್ದರು. ಮುತ್ಯಾಲಮ್ಮನ ಸೈಕಲ್ಲು ಅತ್ತಿತ್ತ ವಾಲುತ್ತಾ ನಡುವೆ ಬಂತು. ಹುಡುಗಿಯರ ಕೂಗಿಗೆ ಕಂಬದ ಮೇಲಿನ ಪಾರಿವಾಳಗಳು ಹಾರಿದವು. ಅವಳ ಹಿಂದೆ ಬಿಳಿ ವ್ಯಾನು ಬಂದಾಗ ಅದಕ್ಕೂ ಅಷ್ಟೇ ಚಪ್ಪಾಳೆ ಬಿತ್ತು. ಬಂಪರಿನ ನಿಂಬೆಹಣ್ಣಿಗೆ ಅವತ್ತು ಕೈತುಂಬ ಕೆಲಸ.

ಬಚ್ಚಪ್ಪ ಗಾಡಿ ಪಕ್ಕಕ್ಕೆ ಹಾಕಿ ಮೈಕು ತೆಗೆದ. "ಲಾಸ್ಟ್ ಗಾಡಿ ಬಂತು ಮೇಡಂ. ಮುತ್ಯಾಲಮ್ಮ ತುಳ್ಕೊಂಡೇ ಬಂದ್ರು. ದಾರೀಲಿ ಯಾರೂ ಉಳಿದಿಲ್ಲ."

"ತುಂಬಾ ಸಂತೋಷ ಬಚ್ಚಪ್ಪನೋರೇ. ಈಗ ಹೇಳಿ, ಏನಾಗಿತ್ತು ಆಂಟೆನಾಗೆ? ಎಲ್ಲಾ ಸ್ಟೇಷನ್ನೋರೂ ಕೇಳಿಸ್ಕೊಳ್ಳೋಕೆ ಕಾಯ್ತಿದಾರೆ."

ಬಚ್ಚಪ್ಪ ಹಿಂದಿನ ಸೀಟಿನ ಕಡೆ ನೋಡಿದ. ಗಂಗರತ್ನಮ್ಮ ಖಾಲಿ ಮಜ್ಜಿಗೆ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಹಾಗೆ ನೋಡುವಾಗ ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ ಎಂದು ಅವನಿಗೆ ಗೊತ್ತು. ಅವನು ಬಟನ್ ಒತ್ತಿದ.

"ನಿನ್ನೆ ನೀವು ಕೇಳಿದ್ರಲ್ಲ ಮೇಡಂ, ಆಂಟೆನಾಗೆ ಏನಾದ್ರೂ ತಾಕ್ತಿದೆಯಾ ಅಂತ. ತಾಕ್ತಿತ್ತು. ಕಬ್ಬಿಣದ ತಂತಿ ಇತ್ತು. ನಾನು ಎರಡು ಕಣ್ಣು ಬಿಟ್ಕೊಂಡು ನೋಡಿ ಏನೂ ಇಲ್ಲ ಅಂದೆ. ನಮ್ಮನೆಯೋಳು ಬಿಚ್ಚಿದ್ಲು. ಅವಳಿಲ್ದಿದ್ರೆ ಇವತ್ತು ಲಾಸ್ಟ್ ಗಾಡೀಲಿ ನಾನಿರ್ತಿರ್ಲಿಲ್ಲ."

ಕಟ್ಟಿದವರು ಯಾರು ಎಂಬುದನ್ನು ಅವನು ಹೇಳಲಿಲ್ಲ. ಆಮೇಲೆ ಗಂಗರತ್ನಮ್ಮ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು.

"ಇನ್ನೊಂದ್ ಸಲ ಹೇಳಿ. ಅವ್ರಿಗೆ ಕೇಳಿಸ್ತೋ ಇಲ್ವೋ."

ಮುಳ್ಳು ಮಲಗಿಯೇ ಇತ್ತು, ಎಲ್ಲರಿಗೂ ಕೇಳಿಸಿತ್ತು ಎಂದು ಬಚ್ಚಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನು ಬಟನ್ ಒತ್ತಿ, ಮೊದಲಿನಿಂದ ಪೂರ್ತಿಯಾಗಿ, ಇನ್ನೊಂದು ಸಲ ಹೇಳಿದ.